ಮಡಿಯಲ್ಲಿ ಮಾಡಿದ ಬಿಯರು

ಅಮೆರಿಕದಲ್ಲಿ ನೆಲೆ ನಿಂತ ನಮ್ಮ ಹುಡುಗರಿಗೆ ವಯಸ್ಸು ಮೂವತ್ತೈದು ದಾಟಿ, ಮನೆ ಸಾಲ ಸಿಕ್ಕಿ, ಗ್ಯಾರೇಜು ಅಂತ ಒಂದು ಜಾಗ ಕೈಗೆ ಬಂತೆಂದರೆ ಏನಾದರೊಂದು ಹುಚ್ಚು ಹತ್ತಲೇಬೇಕು. ಮೊದಲು ದೊಡ್ಡ ಮೂತಿಯ ಕ್ಯಾಮೆರಾ. ಅದರಲ್ಲಿ ಹೆಂಡತಿಯನ್ನು ಬಿಟ್ಟು ಮಿಕ್ಕೆಲ್ಲ ಹಕ್ಕಿಗಳ ಫೋಟೋ. ಆಮೇಲೆ ಸೈಕಲ್ಲು, ಸೈಕಲ್ಲಿಗಿಂತ ದುಬಾರಿಯಾದ ಅದರ ಚಡ್ಡಿ. ಕೊರೋನಾ ಬಂದಾಗ ಬ್ರೆಡ್ಡು. ಇಷ್ಟೆಲ್ಲ ಮುಗಿದ ಮೇಲೆ ಬರುವುದು ಬಿಯರು. ಕುಡಿಯುವ ಹುಚ್ಚಲ್ಲ, ಅದು ಮೊದಲೇ ಇತ್ತು. ಇದು ಮಾಡುವ ಹುಚ್ಚು.

ನಮ್ಮ ಅಳಿಯಂದಿರಿಗೆ ಇದು ಹತ್ತಿದ ಹೊತ್ತಿಗೆ ಸರಿಯಾಗಿ ನಾವು ಗಂಡ ಹೆಂಡತಿ ಮೈಸೂರಿನಿಂದ ಹೋಗಿ ಅವರ ಮನೆಯಲ್ಲಿ ಠಿಕಾಣಿ ಹೂಡಿದ್ದೆವು. ಊರು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್ಟನ್. ಈ ಹುಚ್ಚಿಗೆ ಅದಕ್ಕಿಂತ ಪ್ರಶಸ್ತವಾದ ಕ್ಷೇತ್ರ ಸಿಗುವುದು ಕಷ್ಟ. ಪಕ್ಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲೇ ಅಮೆರಿಕದ ಹಾಪ್ಸ್‌ನ ಬಹುಪಾಲು ಬೆಳೆಯುವುದು. ಆರೆಗಾನಿನ ವಿಲಾಮೆಟ್ ಕಣಿವೆಯಲ್ಲೂ ತೋಟಗಳಿವೆ. ಹಾಪ್ಸ್ ಎಂದರೆ ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಬಳ್ಳಿಯ ಹೂವು. ಸಸ್ಯಶಾಸ್ತ್ರದವರ ಪ್ರಕಾರ ಇದೂ ಗಾಂಜಾ ಗಿಡವೂ ಒಂದೇ ಕುಟುಂಬ. "ಅತ್ತೆ ಹತ್ರ ಮಾತ್ರ ಇದನ್ನ ಹೇಳ್ಬೇಡಿ ಮಾವ" ಎಂದು ಅಳಿಯಂದಿರು ಮಾತು ತೆಗೆದುಕೊಂಡರು. ನಾನು ಹೇಳಲಿಲ್ಲ. ಬರೆಯುತ್ತಿದ್ದೇನೆ, ಅಷ್ಟೆ.

ನಾನು ಕುಡಿಯುವವನೋ ಅಲ್ಲವೋ ಎಂಬ ಪ್ರಶ್ನೆ ಈ ಹರಟೆಯ ವ್ಯಾಪ್ತಿಗೆ ಬರುವುದಿಲ್ಲ. ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ.

ಅಡುಗೆಮನೆಗೆ ದೊಡ್ಡ ಪ್ಲಾಸ್ಟಿಕ್ ಬಕೆಟ್ಟು, ರಬ್ಬರ್ ಕೊಳವೆ, ಗಾಜಿನ ಕಡ್ಡಿ ಎಲ್ಲ ಬಂದಿಳಿದಾಗ ನಮ್ಮಾಕೆ ಕೇಳಿದ ಮೊದಲ ಪ್ರಶ್ನೆ, "ಪೊಲೀಸ್ನೋರು ಬರಲ್ವಾ?" ನ್ಯಾಯವಾದ ಪ್ರಶ್ನೆ. ನಮ್ಮಲ್ಲಾದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಹಾಕಿದರೆ ಕುಡಿಯಲು ನೆಂಟರಿಗಿಂತ ಮುಂಚೆ ಇಲಾಖೆಯವರೇ ಬರಬಹುದು. ಅಮೆರಿಕದವರೂ ಈ ವಿಷಯದಲ್ಲಿ ಕಡಿಮೆ ಕೂದಲು ಸೀಳಿದವರಲ್ಲ. 1920ರಿಂದ 1933ರವರೆಗೆ ಇಡೀ ದೇಶಕ್ಕೆ ಪಾನನಿಷೇಧ. ಆಗ ಅಂಗಡಿಯಲ್ಲಿ ದ್ರಾಕ್ಷಿರಸವನ್ನು ಗಟ್ಟಿ ಮಾಡಿದ ಇಟ್ಟಿಗೆ ಸಿಗುತ್ತಿತ್ತು. ಜೊತೆಗೆ ಒಂದು ಎಚ್ಚರಿಕೆ: ಇದನ್ನು ನೀರಲ್ಲಿ ಕರಗಿಸಿ ಇಂತಿಷ್ಟು ದಿನ ಹಾಗೇ ಇಡಬೇಡಿ, ಇಟ್ಟರೆ ವೈನ್ ಆಗಿಬಿಡುತ್ತದೆ! ಇಷ್ಟು ಸವಿಸ್ತಾರವಾದ ಎಚ್ಚರಿಕೆಯನ್ನು ಕೊಟ್ಟ ಮಹಾನುಭಾವನಿಗೆ ಅಡುಗೆ ಪುಸ್ತಕ ಬರೆಯುವ ಕೈ ಇತ್ತು. ನಿಷೇಧ ಹೋದ ಮೇಲೆ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅನುಮತಿ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ. 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ ದೇಶದಲ್ಲಿ ಗೃಹಸ್ಥನೊಬ್ಬ ತನ್ನ ಗ್ಯಾರೇಜಿನಲ್ಲಿ ಒಂದು ಬಕೆಟ್ ಬಿಯರ್ ಇಡಲು ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕುವವರೆಗೆ ಕಾಯಬೇಕಾಯಿತು. ಅದೂ ಆಯಾ ರಾಜ್ಯ ಒಪ್ಪಿದರೆ. ಮಿಸಿಸಿಪ್ಪಿ, ಅಲಬಾಮಾ ಎರಡೂ ಒಪ್ಪಿದ್ದು 2013ರಲ್ಲಿ.

"ಒಬ್ಬರಿಗೆ ವರ್ಷಕ್ಕೆ ನೂರು ಗ್ಯಾಲನ್, ಇಬ್ಬರು ದೊಡ್ಡವರಿರೋ ಮನೆಗೆ ಇನ್ನೂರು ಗ್ಯಾಲನ್ ಮಾಡ್ಬಹುದು ಅತ್ತೆ. ಮಾರೋ ಹಾಗಿಲ್ಲ, ಅಷ್ಟೇ" ಎಂದರು ಅಳಿಯಂದಿರು. ಇನ್ನೂರು ಗ್ಯಾಲನ್ ಎಂದರೆ ಸುಮಾರು 757 ಲೀಟರು. ಲೆಕ್ಕ ಕೇಳಿ ಇವಳು ಮಗಳ ಮುಖ ನೋಡಿದಳು. ಮಗಳು ಗೋಡೆ ನೋಡಿದಳು. ವಾತಾವರಣ ಬಿಗಿಯಾದದ್ದನ್ನು ಕಂಡು ಅಳಿಯಂದಿರು ದೊಡ್ಡವರ ಹೆಸರು ಎತ್ತಿದರು. ಜಾರ್ಜ್ ವಾಷಿಂಗ್ಟನ್ 1757ರ ತನ್ನ ಟಿಪ್ಪಣಿ ಪುಸ್ತಕದಲ್ಲಿ ತವುಡು, ಹಾಪ್ಸ್, ಕಾಕಂಬಿ ಹಾಕಿ ಬಿಯರ್ ಮಾಡುವ ಕ್ರಮವನ್ನು ಬರೆದಿಟ್ಟಿದ್ದಾನಂತೆ. ಒಬಾಮಾ ಕಾಲದಲ್ಲಿ ಶ್ವೇತಭವನದ ಅಡುಗೆಯವರೇ ಅಲ್ಲಿನ ತೋಟದ ಜೇನುತುಪ್ಪ ಹಾಕಿ ಬಿಯರ್ ಮಾಡಿ, 2012ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದರಂತೆ. "ಅವರಿಗೆ ಪಾತ್ರೆ ತೊಳೆಯೋಕೆ ಜನ ಇದ್ರು" ಎಂದಳು ಮಗಳು.

ಮಾತು ಸರಿಯಾದ ಜಾಗಕ್ಕೆ ಬಿದ್ದಿತ್ತು. ಬಿಯರ್ ಮಾಡುವುದೆಂದರೆ ಮುಕ್ಕಾಲು ಪಾಲು ಪಾತ್ರೆ ತೊಳೆಯುವುದು; ಮಿಕ್ಕ ಕಾಲು ಪಾಲು ಸುಮ್ಮನೆ ಕೂತಿರುವುದು. ಇವೆರಡೂ ನಮ್ಮ ಗಂಡಸರಿಗೆ ಹುಟ್ಟಾ ಒಗ್ಗದ ಕೆಲಸ. ಕಾಫಿ ಕುಡಿದ ಲೋಟವನ್ನು ಸಿಂಕಿನವರೆಗೆ ಒಯ್ಯಲು ಮೂರು ಸಲ ಹೇಳಿಸಿಕೊಳ್ಳುವ ಅಳಿಯಂದಿರು ಆ ಶನಿವಾರ ಬೆಳಗ್ಗೆ ಬಕೆಟ್ಟು, ಮುಚ್ಚಳ, ಕೊಳವೆ, ಸೌಟು, ಜರಡಿ, ಕೊನೆಗೆ ಯೀಸ್ಟ್ ಪೊಟ್ಟಣ ಕತ್ತರಿಸುವ ಕತ್ತರಿಯನ್ನೂ ನೊರೆ ಬರುವ ಆಮ್ಲದ ದ್ರಾವಣದಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದರು. ಮಗಳು ಫೋನಿನಲ್ಲಿ ಅದರ ವಿಡಿಯೋ ಮಾಡಿಟ್ಟುಕೊಂಡಳು, ಮುಂದೆ ಸಾಕ್ಷಿಗೆ ಬೇಕಾಗುತ್ತದೆಂದು.

ಯಾಕಿಷ್ಟು ತೊಳೆತ ಎಂದು ನಮ್ಮಾಕೆ ವಿಚಾರಿಸಿದಳು. ಕುದಿಯುವವರೆಗೆ ಏನು ತಾಗಿದರೂ ಚಿಂತೆಯಿಲ್ಲ, ಒಲೆಯಿಂದ ಇಳಿದು ತಣ್ಣಗಾದ ಮೇಲೆ ಬೇರೆ ಯಾವ ಸೂಕ್ಷ್ಮಜೀವಿಯೂ ಸೇರಕೂಡದು, ಸೇರಿದರೆ ಹುಳಿ ಹಿಡಿಯುತ್ತದೆ ಎಂದು ಅಳಿಯಂದಿರು ವಿವರಿಸಿದರು. ಇವಳಿಗೆ ತಕ್ಷಣ ಅರ್ಥವಾಯಿತು. "ಅಂದ್ರೆ ಇಳಿಸಿದ ಮೇಲೆ ಮಡಿ. ಅದನ್ನ ಮೊದಲೇ ಹೇಳಬಾರದಿತ್ತಾ?" ಎಂದವಳೇ ಸೆರಗು ಬಿಗಿದು ಉಸ್ತುವಾರಿಗೆ ನಿಂತಳು. ಜೀವಮಾನದಲ್ಲಿ ಬಿಯರ್ ಬಾಟಲಿಯನ್ನು ಮುಟ್ಟದವಳು! "ಮೂಗು ಮುಟ್ಕೊಂಡ್ರಿ, ಕೈ ಅದ್ದಿ." "ಫೋನ್ ಮುಟ್ಟಿದ್ರಿ, ಮತ್ತೆ ಅದ್ದಿ." "ಆ ಸೌಟು ಕಟ್ಟೆ ಮೇಲೆ ಇಟ್ಟಿರಲ್ಲ, ಮೈಲಿಗೆ ಆಯ್ತು." ಅಳಿಯಂದಿರು ಉಪನಯನದ ವಟುವಾಗಿ ಎರಡೂ ಕೈ ಎದೆಯ ಮುಂದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಓಡಾಡಿದರು.

ಬಿಯರಿನ ಮೂಲದ್ರವ್ಯ ಮಾಲ್ಟು. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ದು. ಮೊಮ್ಮಗಳಿಗೆಂದು ಇವಳು ಸೂಟ್‌ಕೇಸಿನಲ್ಲಿ ಕಟ್ಟಿ ತಂದಿದ್ದ ರಾಗಿ ಮಾಲ್ಟಿನದೂ ಅದೇ ವಿದ್ಯೆ. ಆದರೆ ಹೊಸಬರು ಕಾಳಿನಿಂದ ಶುರು ಮಾಡುವುದಿಲ್ಲ. ಮಾಲ್ಟಿನ ಸಕ್ಕರೆಯನ್ನು ಆಗಲೇ ಇಳಿಸಿ ಗಟ್ಟಿ ಪಾಕ ಮಾಡಿದ ಡಬ್ಬಿ ತರುತ್ತಾರೆ. "ಎಲ್ಲ ಅವರೇ ಮಾಡಿ ಡಬ್ಬಿಗೆ ಹಾಕಿದಾರಲ್ಲ, ಇದರಲ್ಲಿ ನೀವು ಮಾಡೋದೇನು?" ಎಂದು ಅತ್ತೆ ಕೇಳಿದ್ದಕ್ಕೆ ಅಳಿಯಂದಿರ ಹತ್ತಿರ ಉತ್ತರವಿರಲಿಲ್ಲ. ಪಾಕವನ್ನು ನೀರಿಗೆ ಸುರಿದು ಒಲೆ ಹಚ್ಚಿದರು. ಒಂದು ಗಂಟೆ ಕುದಿಯಬೇಕು. ಮೊದಲೇ ಹಾಕಿದ ಹಾಪ್ಸ್ ಕಹಿ ಬಿಡುತ್ತದೆ, ಅದರ ಘಮ ಹಬೆಯಲ್ಲಿ ಹೋಗುತ್ತದೆ. ಆದ್ದರಿಂದ ಘಮಕ್ಕಾಗಿ ಇಳಿಸುವ ಹೊತ್ತಿಗೆ ಇನ್ನೊಂದು ಹಿಡಿ. ಇದನ್ನೆಲ್ಲ ನನಗೆ ತಿಳಿಹೇಳಲು ಅವರು ಒಲೆಗೆ ಬೆನ್ನು ತಿರುಗಿಸಿದ್ದೇ ತಡ, ಕುದಿ ಬರುವಾಗ ಏಳುವ ನೊರೆ ಎದ್ದು, ಪಾತ್ರೆ ದಾಟಿ, ಗಾಜಿನ ಒಲೆಯ ಮೇಲೆ ಹರಡಿ, ಅಲ್ಲೇ ಸೀದು ಕೂತಿತು. ಹೊಗೆಗೆ ಕೂಗುವ ಯಂತ್ರ ಕೂಗಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ವಾಸನೆ ಹೋಗಲೆಂದು ಇವಳು ಊದುಬತ್ತಿ ಹಚ್ಚಿದ ಮೇಲೆ ಮನೆಗೆ ಬಂದ ವಾಸನೆಯನ್ನು ವರ್ಣಿಸುವ ಶಕ್ತಿ ನನಗಿಲ್ಲ.

ಕುದಿದದ್ದನ್ನು ಬೇಗ ಇಪ್ಪತ್ತು ಡಿಗ್ರಿಗೆ ಇಳಿಸಬೇಕು. ಇದಕ್ಕೆಂದು ಅಳಿಯಂದಿರು ಬಚ್ಚಲಿನ ಟಬ್ಬಿಗೆ ಅಂಗಡಿಯ ಐಸೆಲ್ಲ ತಂದು ಸುರಿದರು. ಆ ಟಬ್ಬಿನೊಳಗೆ ಬಕೆಟ್ಟು, ಚೊಂಬು ಇಟ್ಟುಕೊಂಡು ಸ್ನಾನ ಮಾಡುತ್ತಿದ್ದವರು ನಾವು. ಆ ದಿನ ನಮಗೆ ಸ್ನಾನವಿಲ್ಲ.

ಕೊನೆಗೆ ಯೀಸ್ಟು. ನಿಜವಾದ ಕೆಲಸಗಾರ ಇದೊಂದೇ. ಸಕ್ಕರೆ ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುವುದು ಇದರ ವೃತ್ತಿ. ಬಿಯರಿಗೆ ನೀರು, ಜವೆಗೋಧಿ, ಹಾಪ್ಸ್ ಬಿಟ್ಟು ಬೇರೇನೂ ಹಾಕಕೂಡದೆಂದು ಬವೇರಿಯಾದಲ್ಲಿ 1516ರಲ್ಲೇ ಕಾಯ್ದೆ ಮಾಡಿದವರಿಗೆ ಯೀಸ್ಟಿನ ಹೆಸರೂ ನೆನಪಾಗಲಿಲ್ಲ. ಪಾಪ, ಅದು ಒಳಗೆ ಏನು ಮಾಡುತ್ತದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಲೂಯಿ ಪಾಶ್ಚರ್ ಬಿಯರಿನ ಮೇಲೆ ಪುಸ್ತಕ ಬರೆದದ್ದು 1876ರಲ್ಲಿ. ಮೂರೂವರೆ ಶತಮಾನ ದುಡಿದವರು ಒಬ್ಬರು, ಹೆಸರು ಬಂದದ್ದು ಇನ್ನೊಬ್ಬರಿಗೆ. ಅಳಿಯಂದಿರ ಆಫೀಸಿನಲ್ಲೂ ಹೀಗೇ ಎಂದು ಅವರೇ ಒಮ್ಮೆ ನೊಂದು ಹೇಳಿದ್ದುಂಟು. ಅವರೇ ಈಗ ಯೀಸ್ಟಿನ ಮ್ಯಾನೇಜರು.

ಮುಚ್ಚಳದ ಮೇಲೆ ನೀರು ತುಂಬಿದ ಸಣ್ಣ ಕೊಳವೆಯಿದೆ. ಒಳಗಿನ ಗಾಳಿ ಅದರಿಂದ 'ಬುಳುಕ್' ಎಂದು ಹೊರಬರಬೇಕು, ಹೊರಗಿನದು ಒಳಗೆ ಹೋಗಕೂಡದು. ಮೊದಲ ರಾತ್ರಿ ಬುಳುಕ್ ಎನ್ನಲಿಲ್ಲ. ಎನ್ನುವುದೂ ಇಲ್ಲ, ಯೀಸ್ಟ್ ಮೈಮುರಿದು ಏಳಲು ಹಲವು ಗಂಟೆ ಹಿಡಿಯುತ್ತದೆ. ಅಳಿಯಂದಿರು ಟಾರ್ಚು ಹಿಡಿದು ಗ್ಯಾರೇಜಿಗೂ ಮಂಚಕ್ಕೂ ತಿರುಗಿದರು. "ಇವಳು ಹುಟ್ಟಿದ ರಾತ್ರಿ ಆಸ್ಪತ್ರೆ ಸೋಫಾದಲ್ಲಿ ಗೊರಕೆ ಹೊಡೀತಿದ್ರು" ಎಂದು ಮಗಳು ಮೊಮ್ಮಗಳನ್ನು ತೋರಿಸಿ ತನ್ನಮ್ಮನ ಹತ್ತಿರ ದೂರಿದಳು. ಮನೆಬಿಯರಿನವರಿಗೆ ಗುರುಸ್ಥಾನದಲ್ಲಿರುವ ಚಾರ್ಲಿ ಪಪೇಜಿಯನ್ 1984ರ ತನ್ನ ಪುಸ್ತಕದಲ್ಲಿ ಇಂಥವರಿಗೇ ಒಂದು ಮಂತ್ರ ಕೊಟ್ಟಿದ್ದಾನೆ: ಹಾಯಾಗಿರಿ, ಚಿಂತೆ ಬಿಡಿ, ಮನೆಯಲ್ಲಿ ಮಾಡಿದ ಬಿಯರೊಂದನ್ನು ಕುಡಿಯಿರಿ ಎಂಬರ್ಥದ್ದು. ಮೊದಲ ಸಲ ಮಾಡುವವನ ಮನೆಯಲ್ಲಿ ಕುಡಿಯಲು ಮನೆಬಿಯರು ಎಲ್ಲಿಂದ ಬರಬೇಕು ಸ್ವಾಮಿ? ಗುರುಗಳಿಗೆ ಇದು ಹೊಳೆಯಲಿಲ್ಲ.

ಮರುದಿನ ಬುಳುಕ್ ಶುರುವಾಯಿತು. ಇನ್ನು ಎರಡು ವಾರ ಅದನ್ನು ಅದರ ಪಾಡಿಗೆ ಬಿಡಬೇಕು. ಬಿಡುವುದುಂಟೇ? ದಿನಾ ಮುಚ್ಚಳ ತೆಗೆದು ಹೈಡ್ರೋಮೀಟರ್ ತೇಲಿಸಲು ಹೋಗುವುದು, ಅತ್ತೆ ಗದರಿಸಿ ಹಿಂದಕ್ಕೆ ಕಳಿಸುವುದು. ಹಾಲಿನ ಡೇರಿಯಲ್ಲಿ ನೀರು ಹಿಡಿಯುವ ಲ್ಯಾಕ್ಟೋಮೀಟರೂ ಇದೇ ಜಾತಿಯ ಕಡ್ಡಿ. ಸಕ್ಕರೆ ಇದ್ದಷ್ಟೂ ಕಡ್ಡಿ ಮೇಲೆ ತೇಲುತ್ತದೆ, ಯೀಸ್ಟ್ ತಿಂದಂತೆ ಮುಳುಗುತ್ತದೆ. 1.050ರಿಂದ 1.012ಕ್ಕೆ ಇಳಿದರೆ ಆಲ್ಕೋಹಾಲು ಶೇಕಡಾ ಐದರ ಆಸುಪಾಸು. ಇಷ್ಟು ತಿಳಿಯಲು ಅಳಿಯಂದಿರು ಎಕ್ಸೆಲ್‌ನಲ್ಲಿ ಬಣ್ಣಬಣ್ಣದ ಗ್ರಾಫು ಹಾಕಿದ್ದರು.

ಐದು ಗ್ಯಾಲನ್ ಬಿಯರಿಗೆ ಐವತ್ತು ಬಾಟಲಿ ಬೇಕು. ಕಂದು ಬಣ್ಣದ್ದೇ ಆಗಬೇಕು, ಬೆಳಕು ಬಿದ್ದರೆ ಹಾಪ್ಸ್ ಕೆಟ್ಟು ನಾರುತ್ತದೆ. ತಿರುಗಿಸಿ ತೆಗೆಯುವ ಬಿರಡೆಯದು ಬೇಡ, ಒತ್ತಿ ಕೂರಿಸುವ ಬಿರಡೆಯದೇ ಬೇಕು. ಖಾಲಿ ಬಾಟಲಿ ತಂದುಕೊಟ್ಟವರಿಗೆ ಕಾಸು ಕೊಡುವ ಕಾನೂನನ್ನು ಅಮೆರಿಕದಲ್ಲಿ ಮೊದಲು ಮಾಡಿದ ರಾಜ್ಯ ಆರೆಗಾನ್, 1971ರಲ್ಲಿ. ಈಗ ಬಾಟಲಿಗೆ ಹತ್ತು ಸೆಂಟು. ಹಾಗಾಗಿ ಅಲ್ಲಿ ಖಾಲಿ ಬಾಟಲಿಯನ್ನು ಪುಕ್ಕಟೆ ಕೊಡುವ ಧರ್ಮಾತ್ಮರು ಕಡಿಮೆ. ಸಂಜೆ ಕತ್ತಲಾದ ಮೇಲೆ, ಅಮೆರಿಕದಲ್ಲಿ ಎಂಜಿನಿಯರ್ ಎಂದು ನಾವು ಊರೆಲ್ಲ ಹೇಳಿಕೊಂಡು ಬಂದ ಅಳಿಯಂದಿರು ಚೀಲ ಹೆಗಲಿಗೆ ಹಾಕಿ ಗೆಳೆಯರ ಮನೆಮನೆಗೆ ಹೋಗಿ ಖಾಲಿ ಬಾಟಲಿ ಕೊಂಡು ತಂದರು. "ಇದನ್ನ ಮೈಸೂರಲ್ಲಿ ಯಾರಿಗೂ ಹೇಳ್ಬೇಡಿ" ಎಂದಳು ಇವಳು ನನಗೆ.

ಬಾಟಲಿಗೆ ತುಂಬುವಾಗ ಮತ್ತೊಂದಿಷ್ಟು ಸಕ್ಕರೆ ಹಾಕಬೇಕು, ಆಗಲೇ ಒಳಗೆ ಗುಳ್ಳೆ ಹುಟ್ಟುವುದು. ಹೆಚ್ಚಾದರೆ ಬಾಟಲಿ ಸಿಡಿಯುತ್ತದೆ. ಅಳಿಯಂದಿರು ಎಲ್ಲ ಬಾಟಲಿಗಳನ್ನು ಗ್ಯಾರೇಜಿನ ಮೂಲೆಯಲ್ಲಿಟ್ಟು ರಗ್ಗು ಹೊದಿಸಿದರು. ನಾವು ಊರಿಂದ ಒಯ್ದಿದ್ದ ಸೊಲ್ಲಾಪುರದ ಚಾದರ.

ಒಂದೂ ಸಿಡಿಯಲಿಲ್ಲ. ಗುಳ್ಳೆ ಹುಟ್ಟುವಷ್ಟು ದಿನ ಕಳೆದು, ಒಂದು ಭಾನುವಾರ ಸಂಜೆ ಕನ್ನಡದ ಗೆಳೆಯರೆಲ್ಲ ಸೇರಿದರು. ಬಾಟಲಿ ಚುಸ್ಸೆಂದಿತು, ನೊರೆ ನಿಂತಿತು, ಬಣ್ಣ ಚೆನ್ನಾಗಿತ್ತು. ವಾಸನೆ ಮಾತ್ರ ಸಾಕ್ಷಾತ್ ನಂಜನಗೂಡು ರಸಬಾಳೆ. ಆಗಸ್ಟ್ ತಿಂಗಳ ಬಿಸಿಲಿಗೆ ಗ್ಯಾರೇಜು ಕಾದು, ಯೀಸ್ಟಿಗೆ ಸೆಕೆ ಹತ್ತಿ, ಬಾಳೆಹಣ್ಣಿನ ವಾಸನೆ ಬಿಟ್ಟಿತ್ತು. ಅಳಿಯಂದಿರು ಎದೆಗುಂದಲಿಲ್ಲ. "ಬವೇರಿಯಾ ಕಡೆ ಗೋಧಿ ಬಿಯರಿಗೆ ಈ ವಾಸನೆ ಬೇಕೂಂತ್ಲೇ ಬರಿಸ್ತಾರೆ" ಎಂದರು. ಇವರದ್ದರಲ್ಲಿ ಗೋಧಿಯ ಒಂದು ಕಾಳೂ ಇರಲಿಲ್ಲ ಎಂಬುದನ್ನು ಯಾರೂ ಎತ್ತಲಿಲ್ಲ. ಗೆಳೆಯರು ಒಬ್ಬೊಬ್ಬರಾಗಿ ಗುಟುಕರಿಸಿ, ಒಬ್ಬರ ಮುಖ ಇನ್ನೊಬ್ಬರು ನೋಡಿ, "ಡಿಫರೆಂಟಾಗಿದೆ" ಎಂದರು. ಮದುವೆ ಊಟದಲ್ಲಿ ಉಪ್ಪಿಲ್ಲದ ಹುಳಿ ಬಡಿಸಿದಾಗಲೂ ನಮ್ಮವರು ಇದನ್ನೇ ಹೇಳುವುದು. ಒಬ್ಬ ಹುಡುಗ ಮಾತ್ರ ಎರಡನೆಯ ಬಾಟಲಿ ಕೇಳಿದ. ಅವನಿಗೆ ಮಾರನೆಯ ವಾರ ಇದೇ ಮನೆಯ ಯಜಮಾನರಿಂದ ಆಫೀಸಿನಲ್ಲಿ ಏನೋ ಕೆಲಸ ಆಗಬೇಕಿತ್ತಂತೆ.

ಅದಾದ ಮೇಲೆ ಮಗಳು ಅಳಿಯ ಯಾರ ಮನೆಗೆ ಊಟಕ್ಕೆ ಹೊರಟರೂ ಕೈಯಲ್ಲಿ ಆರು ಬಾಟಲಿ. ಹೋದ ಕಡೆಯೆಲ್ಲ ಭಾರಿ ಉಪಚಾರ, ವಾಪಸು ಕರೆದವರು ಮಾತ್ರ ಯಾರೂ ಇಲ್ಲ. ನಾವು ಮೈಸೂರಿಗೆ ಹೊರಡುವ ಮುಂಚೆ ಮಗಳು ಗ್ಯಾರೇಜಿಗೆ ಹೋಗಿ ಚಾದರ ಎತ್ತಿ ಎಣಿಸಿ ಬಂದಳು. "ಇನ್ನೂ ಇಪ್ಪತ್ತೆರಡು ಇದೆ ಅಮ್ಮ. ಈ ಊರಲ್ಲಿ ನಾವು ಹೋಗ್ದೇ ಇರೋ ಕನ್ನಡದವರ ಮನೆ ಇನ್ಯಾವುದಿದೆ?"