ಬೈಗುಳ ಖಾತೆ ಯಾರ ಪಾಲಿಗೆ? (2018ರ ಕಾಗದ)

ಸಮ್ಮಿಶ್ರ ಸರ್ಕಾರದ ಸಮನ್ವಯ ಸಮಿತಿಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ,

ಮಂಡ್ಯ ಜಿಲ್ಲೆಯ ಮತದಾರನೊಬ್ಬನ ಸಾಷ್ಟಾಂಗ ನಮಸ್ಕಾರ. ಇಲ್ಲಿ ನಾವು ಕ್ಷೇಮ. ನೀವೆಲ್ಲ ಇನ್ನೂ ಒಂದೇ ಸರ್ಕಾರದಲ್ಲಿದ್ದೀರೆಂದು ಪತ್ರಿಕೆಯಿಂದ ತಿಳಿದು ಸಂತೋಷವಾಯಿತು.

2018ರ ಮೇ 23ರಂದು ವಿಧಾನಸೌಧದ ಮುಂದೆ ನಿಮ್ಮ ಸರ್ಕಾರದ ಪ್ರಮಾಣವಚನದಲ್ಲಿ ದೇಶದ ವಿರೋಧ ಪಕ್ಷಗಳ ನಾಯಕರೆಲ್ಲ ಕೈ ಕೈ ಹಿಡಿದು ಮೇಲೆತ್ತಿದಾಗ ಕಣ್ಣು ತುಂಬಿ ಬಂತು. ನಮ್ಮೂರಿನಲ್ಲಿ ಜೆಡಿಎಸ್ಸಿನ ತೆನೆಯವರೂ ಕಾಂಗ್ರೆಸ್ಸಿನ ಕೈಯವರೂ ಒಂದೇ ಟೀ ಅಂಗಡಿಗೆ ಕಾಲಿಡದೆ ಎಷ್ಟೋ ಚುನಾವಣೆಗಳಾಗಿದ್ದವು. ಜಿಲ್ಲೆಯ ಏಳಕ್ಕೆ ಏಳು ಕ್ಷೇತ್ರವನ್ನೂ ತೆನೆಗೆ ಕೊಟ್ಟು, ಸೋತವರ ಮನೆ ಮುಂದೆಯೇ ಪಟಾಕಿ ಹೊಡೆದಿದ್ದೆವು. ಆಮೇಲೆ ನೋಡಿದರೆ ಸೋತವರೂ ಸರ್ಕಾರದಲ್ಲೇ ಇದ್ದಾರೆ! ಪಟಾಕಿಯ ದುಡ್ಡು ದಂಡ.

ಹೋಗಲಿ, ಖಾತೆ ಹಂಚಿಕೊಂಡಿರಿ. ಹಣಕಾಸು ತೆನೆಗೆ, ಗೃಹ ಕೈಗೆ. ಆದರೆ ಬೈಸಿಕೊಳ್ಳುವ ಖಾತೆಯೊಂದು ಹಂಚದೆ ಉಳಿದಿದೆ. ನಮ್ಮ ಕಷ್ಟವೆಲ್ಲ ಅಲ್ಲೇ.

ಜುಲೈ 5ರ ಬಜೆಟ್ಟಿನಲ್ಲಿ ಪೆಟ್ರೋಲಿಗೆ 1 ರೂಪಾಯಿ 14 ಪೈಸೆ, ಡೀಸೆಲ್ಲಿಗೆ 1 ರೂಪಾಯಿ 12 ಪೈಸೆ ಏರಿತು. ಟೀ ಅಂಗಡಿಯಲ್ಲಿ ತೆನೆಯವರನ್ನು ಹಿಡಿದರೆ, "ಕಾಂಗ್ರೆಸ್ಸಿನೋರು ಬುಟ್ರೆ ತಾನೇ, ಅಣ್ಣ ಏನ್ ಮಾಡಾರು?" ಅಂದರು. ಕೈಯವರನ್ನು ಹಿಡಿದರೆ, "ನಮ್ಮ ಸಾಹೇಬ್ರು ಬೆಲೆ ಇಳಿಸಿ ಅಂತ ಕಾಗದ ಬರೆದವ್ರೆ, ನೋಡಿಲ್ವಾ?" ಅಂದರು. ಪಡಿತರ ಅಕ್ಕಿ 7 ಕೆಜಿಯಿಂದ 5ಕ್ಕೆ ಇಳಿದಾಗಲೂ ತಾವೇ ಕಾಗದ ಬರೆದಿರಿ. ಅಕ್ಕಿ 7ಕ್ಕೆ ಮರಳಿತು. ಸರ್ಕಾರ ನಡೆಸುವವರೇ ಸರ್ಕಾರಕ್ಕೆ ಅರ್ಜಿ ಹಾಕುವುದಾದರೆ ನಮ್ಮ ಅರ್ಜಿಯ ಪಾಳಿ ಎಂದಿಗೆ?

ಸಾಲ ಮನ್ನಾ ಸಂಗತಿ ಇನ್ನೂ ಸ್ವಾರಸ್ಯ. ಅಧಿಕಾರಕ್ಕೆ ಬಂದ 24 ಗಂಟೆಯಲ್ಲಿ ರೈತರ ಎಲ್ಲ ಸಾಲವೂ ಮನ್ನಾ ಎಂದು ತೆನೆಯವರು ಹೇಳಿದ್ದರು. ಬಜೆಟ್ಟಿನಲ್ಲಿ ಬಂದದ್ದು 34,000 ಕೋಟಿಯ ಲೆಕ್ಕ: 2017ರ ಡಿಸೆಂಬರ್ 31ರವರೆಗಿನ ಸುಸ್ತಿ ಸಾಲ, 2 ಲಕ್ಷದವರೆಗೆ. ನಮ್ಮ ಬೀದಿಯಲ್ಲಿ ಒಬ್ಬರು ಹೆಂಡತಿಯ ಓಲೆ ಅಡವಿಟ್ಟು ಬ್ಯಾಂಕಿನ ಸಾಲವನ್ನು ಗಡುವಿನೊಳಗೆ ಕಟ್ಟಿದ್ದರು. ಎದುರು ಮನೆಯವರು ಬಂದ ನೋಟಿಸನ್ನೆಲ್ಲ ಮಡಚಿ ಸೂರಿಗೆ ಸಿಕ್ಕಿಸಿದ್ದರು. ಬಜೆಟ್ ಸಂಜೆ ಆ ಹೆಂಗಸು ಬರಿಗಿವಿಯಲ್ಲಿ ಜಗಲಿಯ ಮೇಲೆ ಕೂತು, ಎದುರು ಮನೆಯ ಸೂರನ್ನೇ ನೋಡುತ್ತಿದ್ದರು. ಚೊಕ್ಕವಾಗಿ ಕಟ್ಟಿದವರಿಗೆ 25,000ದವರೆಗೆ ವಾಪಸ್ ಉಂಟಂತೆ. ಆ ಮನೆಯಲ್ಲಿ ಈಗ ಗಂಡನ ಹೆಸರೇ "ಚೊಕ್ಕ".

ಹೋಗಲಿ, ನೇರ ಮುಖ್ಯಮಂತ್ರಿಗಳನ್ನೇ ಬೈಯೋಣವೆಂದರೆ, ತಾನು ಇರುವುದು ಕಾಂಗ್ರೆಸ್ಸಿನ ಮುಲಾಜಿನಲ್ಲಿ, ಆರೂವರೆ ಕೋಟಿ ಜನರ ಮುಲಾಜಿನಲ್ಲಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದಾರೆ. ಜುಲೈ 14ರಂದು ತೆನೆ ಪಕ್ಷದ್ದೇ ಸನ್ಮಾನ ಸಭೆಯಲ್ಲಿ ಕಣ್ಣೀರಿಟ್ಟು, ವಿಷಕಂಠನಂತೆ ನುಂಗುತ್ತಿದ್ದೇನೆ ಎಂದರು. ಅಳುವ ಗಂಡಸರ ಕುರಿತು ನಮ್ಮಲ್ಲೊಂದು ಗಾದೆಯಿದೆ, ಸಭ್ಯತೆಗಾಗಿ ಬಿಟ್ಟಿದ್ದೇನೆ. ವಿಷ ಬಡಿಸಿದವರು ಯಾರೆಂದು ಅವರು ಹೇಳಲಿಲ್ಲ, ತಾವೂ ಕೇಳಲಿಲ್ಲ.

ಆದಕಾರಣ ಮುಂದಿನ ಸಭೆಯಲ್ಲಿ ಈ ಖಾತೆಯನ್ನೂ ಹಂಚಬೇಕಾಗಿ ಕೋರಿಕೆ. ಸೋಮವಾರದಿಂದ ಬುಧವಾರದವರೆಗೆ ಅವರನ್ನು, ಗುರುವಾರದಿಂದ ಶನಿವಾರದವರೆಗೆ ನಿಮ್ಮನ್ನು ಬೈಯಲು ಸಿದ್ಧ. ಭಾನುವಾರ ಬಾಡೂಟ, ಬಿಡುವಿಲ್ಲ.

ಇಂತಿ ತಮ್ಮ ವಿಧೇಯ,
ಏಳರಲ್ಲಿ ಒಂದಕ್ಕೆ ಬಟನ್ ಒತ್ತಿದವನು

ಪ್ರತಿ: ವಿರೋಧ ಪಕ್ಷದ 104 ಶಾಸಕರಿಗೆ. ನಿಮ್ಮ ಕೆಲಸವನ್ನೂ ಸರ್ಕಾರವೇ ಮಾಡುತ್ತಿರುವುದರಿಂದ, ಪುರುಸೊತ್ತಿನಲ್ಲಿ ಓದಿಕೊಳ್ಳುವುದು.