ಗೀರುರಾಯರು

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೆಳಗಿನ ಜಾವ ಯಾರಾದರೂ ಮೊಬೈಲ್ ಟಾರ್ಚ್ ಹಿಡಿದು, ಒಂದು ಕಾರಿನ ಸುತ್ತ ಬಗ್ಗಿ ಬಗ್ಗಿ ಪ್ರದಕ್ಷಿಣೆ ಹಾಕುತ್ತಿದ್ದರೆ ಸೆಕ್ಯುರಿಟಿಯವನನ್ನು ಕೂಗಬೇಡಿ. ಅವರು ಕಳ್ಳರಲ್ಲ, ಆ ಕಾರಿನ ಯಜಮಾನರು. ಬೆಂಗಳೂರಿನ ಅಪಾರ್ಟ್‌ಮೆಂಟಿಗೊಬ್ಬರಂತೆ ಇಂಥವರು ಇದ್ದೇ ಇರುತ್ತಾರೆ. ಹೆಸರು ಬೇರೆ ಬೇರೆ, ಕಾರಿನ ಬಣ್ಣ ಮಾತ್ರ ಹೆಚ್ಚಾಗಿ ಕಪ್ಪು. ಗೀರು ಎದ್ದು ಕಾಣುವ ಬಣ್ಣವನ್ನೇ ಹುಡುಕಿ ಕೊಂಡು, ಆಮೇಲೆ ಗೀರು ಕಾಣುತ್ತದಲ್ಲಾ ಎಂದು ಕೊರಗುವುದು ಈ ಜನದ ಮೊದಲ ಲಕ್ಷಣ. ಅವರನ್ನು ಗೀರುರಾಯರು ಎಂದೇ ಕರೆಯೋಣ.

ನಾವು ನೀವೆಲ್ಲ ಕಾರನ್ನು ಎದುರಿನಿಂದ ನೋಡುತ್ತೇವೆ. ರಾಯರು ಓರೆಯಾಗಿ ನೋಡುತ್ತಾರೆ, ಸೀರೆ ಅಂಗಡಿಯಲ್ಲಿ ಜರಿಯನ್ನು ಬೆಳಕಿಗೆ ಹಿಡಿದು ನೋಡುವ ಅತ್ತೆಯ ಹಾಗೆ. ಆ ಓರೆಗಣ್ಣಿಗೆ ಮಾತ್ರ ಕಾಣುವ ವಸ್ತುವಿಗೆ ಸ್ವರ್ಲ್ ಮಾರ್ಕ್ ಎಂದು ಹೆಸರು. ಒರೆಸುವ ಬಟ್ಟೆಗೆ ಸಿಕ್ಕಿಕೊಂಡ ಧೂಳಿನ ಕಣ ಮೇಲ್ಪದರವನ್ನು ಕೊರೆದು ಮಾಡಿದ ಸಣ್ಣ ಗೀರುಗಳು ಅವು. ಬಿಸಿಲು ಬಿದ್ದರೆ ಬೆಳಕಿನ ಸುತ್ತ ದುಂಡಗೆ ಸುತ್ತಿಕೊಂಡು ಕಾಣುತ್ತವೆ. ಒಮ್ಮೆ ಇದನ್ನು ತೋರಿಸಿಕೊಟ್ಟರೆ ಮುಗಿಯಿತು, ನಿಮ್ಮ ಕಾರಿನಲ್ಲೂ ಅದೇ ಕಾಣತೊಡಗುತ್ತದೆ. ಆದ್ದರಿಂದ ರಾಯರು "ಬನ್ನಿ, ಒಂದು ನಿಮಿಷ ಇಲ್ಲಿಂದ ನೋಡಿ" ಎಂದಾಗ ಹೋಗದಿರುವುದೇ ಕ್ಷೇಮ.

ಇಂಥ ರಾಯರಿಗೆ ಗೀರನ್ನು ತಾನೇ ಮಾಯಿಸಿಕೊಳ್ಳುವ ಬಣ್ಣ ಸಿಕ್ಕಿತು ಎಂದರೆ ಅವರ ಚಿಂತೆ ಕಳೆಯಿತೆಂದು ನೀವು ಅಂದುಕೊಳ್ಳುತ್ತೀರಿ. ಅವರ ಮನೆಯವರೂ ಹಾಗೆಯೇ ಅಂದುಕೊಂಡಿದ್ದರು.

ಸೆಲ್ಫ್ ಹೀಲಿಂಗ್ ಕ್ಲಿಯರ್ ಕೋಟ್ ಎನ್ನುವುದು ಪವಾಡವೇನಲ್ಲ, ಶುದ್ಧ ರಸಾಯನಶಾಸ್ತ್ರ. ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕಣ್ಣಿಗೆ ಕಾಣದ ಕ್ಲಿಯರ್ ಕೋಟ್. ಎಲ್ಲ ಸೇರಿಸಿ ಅಳೆದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮಿಲಿಮೀಟರಿನ ಆರನೇ ಒಂದು ಪಾಲೂ ಇಲ್ಲ. ನಾವು ಜಂಬ ಪಡುವುದು ಇಷ್ಟರ ಮೇಲೆ. 2005ರ ಡಿಸೆಂಬರಿನಲ್ಲಿ ಜಪಾನಿನ ನಿಸಾನ್ ಕಂಪನಿ, ನಿಪ್ಪಾನ್ ಪೇಂಟ್ ಜತೆ ಸೇರಿ, ಈ ಮೇಲಿನ ಪದರಕ್ಕೆ ಹಿಗ್ಗಿ ಕುಗ್ಗುವ ರಾಳವನ್ನು ಬೆರೆಸಿ ಹೊಸ ಲೇಪವೊಂದನ್ನು ಪ್ರಕಟಿಸಿತು. ಗೀರು ಬಿದ್ದ ಕಡೆ ರಾಳ ತಗ್ಗುತ್ತದೆ, ಆಮೇಲೆ ನಿಧಾನವಾಗಿ ಮೊದಲಿನ ಮಟ್ಟಕ್ಕೆ ಏಳುತ್ತದೆ. ಗೀರಿನ ಆಳ, ಸುತ್ತಲಿನ ಬಿಸಿ ನೋಡಿಕೊಂಡು ಒಂದು ದಿನದಿಂದ ಒಂದು ವಾರ ಬೇಕು. 2012ರಲ್ಲಿ ಅದೇ ನಿಸಾನ್ ಇದೇ ಲೇಪ ಹಚ್ಚಿದ ಐಫೋನ್ ಕವಚವನ್ನೂ ತೋರಿಸಿತು. ಈ ಸಂಗತಿಯನ್ನು ರಾಯರಿಗೆ ಯಾರೂ ಹೇಳದಿದ್ದರೆ ಒಳ್ಳೆಯದು, ಮನೆಯಲ್ಲಿ ಮೂರು ಫೋನುಗಳಿವೆ.

ರಾಯರು ಹಾಕಿಸಿರುವುದು ಅದರ ದಾಯಾದಿ, ಪಿಪಿಎಫ್. ಪಾಲಿಯುರೆಥೇನಿನ ಪಾರದರ್ಶಕ ಫಿಲ್ಮ್; ಅದರ ನೆತ್ತಿಯ ಮೇಲೆ ಮಾಯುವ ಕ್ಲಿಯರ್ ಕೋಟ್. ಫಿಲ್ಮ್‌ನ ದಪ್ಪವೇ 150ರಿಂದ 200 ಮೈಕ್ರಾನ್, ಅಂದರೆ ಕಾಯುವವನು ಕಾಯಿಸಿಕೊಳ್ಳುವವನಿಗಿಂತ ದಪ್ಪ. ವಿಯೆಟ್ನಾಂ ಯುದ್ಧದ ಕಾಲಕ್ಕೆ ಅಮೆರಿಕದ ಹೆಲಿಕಾಪ್ಟರ್ ರೆಕ್ಕೆಗಳನ್ನು ಮರಳು, ಚೂರುಗಳಿಂದ ಉಳಿಸಲು ಹುಟ್ಟಿದ ವಿದ್ಯೆ ಇದು. ಈಗ ಬನಶಂಕರಿಯ ಪಾರಿವಾಳಗಳ ವಿರುದ್ಧ ಹೋರಾಡುತ್ತಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಬಣ್ಣ ಕಾಯಲು ಕ್ಲಿಯರ್ ಕೋಟ್, ಅದನ್ನು ಕಾಯಲು ಫಿಲ್ಮ್, ಫಿಲ್ಮ್ ಕಾಯಲು ಸೆರಾಮಿಕ್ ಲೇಪ, ಸೆರಾಮಿಕ್ ಕಾಯಲು ರಾಯರು. ಕಾರಿನ ಮೇಲೆ ಬಟ್ಟೆಯ ಹೊದಿಕೆ ಹಾಕಬಾರದೇ ಎಂದು ಕೇಳಿದರೆ ಅವರು ಮರುಕದಿಂದ ನಗುತ್ತಾರೆ. ಹೊದಿಕೆಯೊಳಗೆ ಧೂಳು ಸೇರಿ, ಗಾಳಿಗೆ ಹೊದಿಕೆ ಅಲುಗಾಡಿ, ಅದೇ ಗೀರು ಹಾಕುತ್ತದಂತೆ. ಮಾತು ನಿಜವೇ. ರಾಯರ ತೊಂದರೆಯೇ ಅದು, ಅವರು ಹೇಳುವುದೆಲ್ಲ ನಿಜ.

ಭಾನುವಾರದ ಸ್ನಾನ ನೋಡಬೇಕು. ತಿಂಗಳ ಲೆಕ್ಕಕ್ಕೆ ಇಡೀ ಬೇಸ್‌ಮೆಂಟಿನ ಕಾರು ಒರೆಸುವ ಹುಡುಗನಿಗೆ ರಾಯರ ಕಾರಿನ ಹತ್ತಿರ ಸುಳಿಯಲು ಅಪ್ಪಣೆಯಿಲ್ಲ. ಅವನು ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ ಹದಿನೈದು ಕಾರು ಮುಗಿಸುವವನು; ಹದಿನಾಲ್ಕು ಕಾರುಗಳ ಮಣ್ಣು ಹದಿನೈದನೆಯದಕ್ಕೆ ಪ್ರಸಾದ. ಆದರೂ ದುಡ್ಡು ಮಾತ್ರ ತಿಂಗಳು ತಿಂಗಳು ತಪ್ಪದೆ ಕೊಡುತ್ತಾರೆ, ಮುಟ್ಟದೆ ಇದ್ದುದಕ್ಕೆ. "ಇಂಥೋರು ಇನ್ನೂ ನಾಕು ಜನ ಇದ್ರೆ ಊರಿಗೆ ಹೋಗಿ ಆರಾಮಾಗಿದ್ಬಿಡ್ತೀನಿ ಸಾರ್" ಎನ್ನುತ್ತಾನೆ ಹುಡುಗ.

ರಾಯರದು ಎರಡು ಬಕೆಟ್. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು, ತಳದಲ್ಲಿ ಮಣ್ಣು ಮೇಲೇಳದಂತೆ ಜಾಲರಿ. ಶಾಂಪೂ ಆಮ್ಲವೂ ಆಗಿರಕೂಡದು, ಕ್ಷಾರವೂ ಆಗಿರಕೂಡದು. ಪಿಎಚ್ ಏಳರ ಆಸುಪಾಸಿನಲ್ಲಿರಬೇಕು. ಮೊದಲು ಬರಿಯ ನೀರು ಹರಿಸಿ ಧೂಳು ಇಳಿಸಬೇಕು. ಮೇಲಿನಿಂದ ಕೆಳಕ್ಕೆ ತೊಳೆಯಬೇಕು, ಸುತ್ತಿ ಸುತ್ತಿ ಉಜ್ಜಬಾರದು. ಪ್ರೆಶರ್ ವಾಷರಿನ ನೀರನ್ನು ಫಿಲ್ಮ್‌ನ ಅಂಚಿಗೆ ಹತ್ತಿರದಿಂದ ಹೊಡೆದರೆ ಅಂಚು ಎದ್ದುಕೊಳ್ಳುತ್ತದೆ. ಕೊನೆಗೆ ದಪ್ಪ ಮೈಕ್ರೋಫೈಬರ್ ಬಟ್ಟೆಯನ್ನು ಮೇಲೆ ಹಾಸಿ ನೀರು ಹೀರಿಸಬೇಕು, ಎಳೆಯಬಾರದು. ಆ ಬಟ್ಟೆಗೆ ಹೊಲಿದ ಪುಟ್ಟ ಲೇಬಲ್ಲನ್ನು ಮೊದಲೇ ಕತ್ತರಿಸಿರಬೇಕು, ಏಕೆಂದರೆ ಲೇಬಲ್ಲೂ ಗೀರುತ್ತದೆ. ರಾಯರ ಅಂಗಿಗಳಲ್ಲಿ ಲೇಬಲ್ ಕುತ್ತಿಗೆಗೆ ಚುಚ್ಚುತ್ತಲೇ ಇರುತ್ತದೆ, ಅದನ್ನು ಕತ್ತರಿಸಲು ಅವರಿಗೆ ಪುರುಸೊತ್ತಾಗಿಲ್ಲ.

ನೀರಿನದು ಇನ್ನೊಂದು ಪುರಾಣ. 2024ರ ಮಾರ್ಚಿನಲ್ಲಿ ಬೆಂಗಳೂರು ಬಾಯಾರಿ ಕೂತಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಅಸೋಸಿಯೇಷನ್ನಿನವರು ಆರ್‌ಓ ಯಂತ್ರ ಹೊರಹಾಕುವ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು "ಕಾರಿಗೆ ಇದನ್ನೇ ಬಳಸಿ" ಎಂದು ಬೋರ್ಡು ಹಾಕಿದರು. ರಾಯರು ಟಿಡಿಎಸ್ ಮೀಟರ್ ಅದ್ದಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಬೋರ್‌ವೆಲ್ ನೀರಿನ ಲವಣವನ್ನೆಲ್ಲ ಒಟ್ಟುಮಾಡಿ ಕೊಡುವ ನೀರು ಅದು. ಒಣಗಿದರೆ ಕಪ್ಪು ಬಾನೆಟ್ ಮೇಲೆ ಬಿಳಿ ಚುಕ್ಕೆಯ ರಂಗೋಲಿ. ಆ ಚುಕ್ಕೆ ಕ್ಲಿಯರ್ ಕೋಟಿನೊಳಕ್ಕೆ ಕಚ್ಚಿಕೊಂಡರೆ ಬಿಸಿಲಿಗೂ ಮಾಯುವುದಿಲ್ಲ, ಮಾಯುವ ಗುಣವಿರುವುದು ಸಣ್ಣ ಗೀರಿಗೆ ಮಾತ್ರ. ಆ ಬೇಸಿಗೆಯಲ್ಲಿ ಅವರ ಕಾರಿಗೆ ವಾರಕ್ಕೊಮ್ಮೆ ಒಂದು ಬಿಂದಿಗೆ ಆರ್‌ಓ ನೀರಿನ ಪ್ರೋಕ್ಷಣೆ ಗುಟ್ಟಾಗಿ ನಡೆಯಿತಂತೆ. "ಮನೆ ಮಂದಿ ಬೋರ್‌ವೆಲ್ ಕುದಿಸಿಕೊಂಡು ಕುಡಿದ್ವಿ. ಕಾರಿಗೆ ಶೀತ ಆಗ್ಬಾರ್ದು ನೋಡಿ" ಎಂದು ಅವರ ಹೆಂಡತಿ ಲಿಫ್ಟಿನಲ್ಲಿ ಎಲ್ಲರಿಗೂ ಹೇಳಿದ್ದರಿಂದ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ.

ಆದರೆ ರಾಯರ ಪ್ರತಿಭೆ ಪೂರ್ತಿ ಬೆಳಗುವುದು ಪಾರ್ಕಿಂಗಿನಲ್ಲಿ. ಊರೆಲ್ಲ ನೆರಳು ಹುಡುಕುವ ಏಪ್ರಿಲ್ ಮಧ್ಯಾಹ್ನದಲ್ಲಿ ರಾಯರು ಬಿಸಿಲು ಹುಡುಕುತ್ತಾರೆ. ಜಯನಗರದಲ್ಲಿ ಹೊಂಗೆಯ ಕೆಳಗೆ ಚೊಕ್ಕ ಜಾಗ ಖಾಲಿಯಿದ್ದರೂ ಮುಂದೆ ಹೋಗುತ್ತಾರೆ. ಮರದಡಿ ಹೂವು, ಅಂಟು, ಹಕ್ಕಿ. ಹಕ್ಕಿ ಹಿಕ್ಕೆಯ ಆಮ್ಲ ಬಣ್ಣವನ್ನು ತಿನ್ನುತ್ತದೆ. ಬಿಸಿಲಿನಲ್ಲಾದರೆ ಶಾಖ ತಾಕಿ ಪದರ ಮೃದುವಾಗಿ ಗೀರುಗಳು ಕೂಡಿಕೊಳ್ಳುತ್ತವೆ. ಹೆಂಡತಿ ಮಕ್ಕಳು ಮದುವೆ ಊಟ ಮುಗಿಸಿ, ರೇಷ್ಮೆ ಸೀರೆ ಜರಿ ಪಂಚೆ ಸಮೇತ ಕಾದ ಸೀಟಿನ ಮೇಲೆ ಕೂತು ಹೌಹಾರಿ ಎದ್ದಾಗ, "ಸ್ವಲ್ಪ ತಡ್ಕೊಳ್ಳಿ, ಎಡಗಡೆ ಡೋರಿನದು ಇನ್ನೇನು ಮಾಯ್ತಾ ಇದೆ" ಎನ್ನುತ್ತಾರೆ.

"ರೀ, ಅದು ಮಾಯೋಷ್ಟರಲ್ಲಿ ನಮಗೆ ಬೊಬ್ಬೆ ಬರುತ್ತೆ."

"ಬೊಬ್ಬೆ ತಾನಾಗೇ ವಾಸಿ ಆಗುತ್ತಲ್ಲ."

ಹಾಗೆಂದು ಬಿಸಿಲಿನಲ್ಲೇ ತೊಳೆಯುವಂತಿಲ್ಲ, ಶಾಂಪೂ ಆರಿ ಕಲೆ ನಿಲ್ಲುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಮೇಲೆ ಹಕ್ಕಿ ಕೃಪೆ ಮಾಡಿತೆಂದರೆ ಕಲೆ ಇನ್ನೂ ಬೇಗ ಕಚ್ಚುತ್ತದೆ. ಹೀಗಾಗಿ ಬಿಸಿಲಿನಲ್ಲಿ ಕಾರು ನಿಂತಷ್ಟು ಹೊತ್ತೂ ಒದ್ದೆ ಬಟ್ಟೆ ಹಿಡಿದು ರಾಯರೂ ನಿಂತಿರಬೇಕು. ಚಿಂತೆ ಬಿಡಿಸಲೆಂದು ಲಕ್ಷ ದಾಟಿಸಿ ಹಾಕಿಸಿದ ಪದರ ಅವರನ್ನು ಕಾರಿನ ಕಾವಲಿಗೆ ನಿಲ್ಲಿಸಿದೆ. ಮೊದಲು ಗೀರು ಕಂಡರೆ ಒಂದು ಸಲ ಬೈದು ಸುಮ್ಮನಾಗುತ್ತಿದ್ದರು. ಈಗ ಅದರ ಫೋಟೋ ಹಿಡಿದು, ದಿನಾ ಅದೇ ಹೊತ್ತಿಗೆ ಅದೇ ಕೋನದಿಂದ ಇನ್ನೊಂದು ಹಿಡಿದು, ಎರಡನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸಬೇಕು. ಗೀರು ಪೂರ್ತಿ ಹೋದ ದಿನ ಅವರ ಮುಖ ಕೊಂಚ ಬಾಡಿರುತ್ತದೆ ಎಂದು ನನಗೆ ಅನುಮಾನ. ಹೊಸದೊಂದು ಸಿಗುವವರೆಗೆ ಬೆಳಗಿನ ಹೊತ್ತು ಹೋಗಬೇಕಲ್ಲ.

ಒಮ್ಮೆ ಬೇಸ್‌ಮೆಂಟಿನ ಮಕ್ಕಳು ಸುತ್ತುವರಿದು, "ಅಂಕಲ್, ಗೀಚಿದ್ರೆ ನಿಜವಾಗ್ಲೂ ಹೋಗುತ್ತಾ?" ಎಂದವು.

"ಹೋಗುತ್ತೆ ಪುಟ್ಟ. ಅಂಗಡಿಯಲ್ಲಿ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಬಿಸಿನೀರು ಹುಯ್ದು ತೋರಿಸ್ತಾರೆ."

"ಹಾಗಾದ್ರೆ ನೀವೂ ಗೀಚಿ ತೋರಿಸಿ."

ರಾಯರು ಗಡಿಯಾರ ನೋಡಿಕೊಂಡು, ಯಾವುದೋ ಫೋನು ಬಂತೆಂದು ಮೇಲೆ ಹೋದರು. ಫೋನು ಬಂದಿರಲಿಲ್ಲ.

ಹೋದ ಆಯುಧಪೂಜೆಗೆ ಪುರೋಹಿತರು ಬಂದಾಗ ಬಾನೆಟ್ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹರಡಿತ್ತು. ಅರಿಸಿನದ ಕಲೆ ಹಿಡಿದರೆ ಬಿಡುವುದಿಲ್ಲ ಎಂದು ರಾಯರ ವಾದ. ಅವರ ತಾಯಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು.

"ಏನೋ ಇದು, ಪೂಜೆ ಕಾರಿಗೋ ಪ್ಲಾಸ್ಟಿಕ್ಕಿಗೋ?"

"ಅಮ್ಮಾ, ಕೆಳಗಿರೋದೂ ಪ್ಲಾಸ್ಟಿಕ್ಕೇ. ಕಾರು ಅದರ ಕೆಳಗಿದೆ."

ಹಾಳೆಯನ್ನು ತಾಯಿಯೇ ಕಿತ್ತೆಸೆದರು. ಪುರೋಹಿತರು ಅರಿಸಿನ ಕುಂಕುಮದಲ್ಲಿ ದೊಡ್ಡ ಸ್ವಸ್ತಿಕ ಬರೆದು, ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು. ಬೂದುಗುಂಬಳಕಾಯಿಯನ್ನು ರಾಯರು ಬಹಳ ದೂರ ಒಯ್ದು, ಹೆಚ್ಚುಕಡಿಮೆ ಪಕ್ಕದ ಬ್ಲಾಕಿನವರ ಕಾರಿನ ಮುಂದೆ ಒಡೆದರು. ಕಾಯಿಯೊಳಗಿನ ಚಿಲ್ಲರೆಗೆ ಮಕ್ಕಳು ಮುಗಿಬಿದ್ದವು. ಚಿಲ್ಲರೆ ಸಿಕ್ಕ ಖುಷಿಯಲ್ಲಿ ಒಬ್ಬ ಓಡಿಬಂದು ಸೀದಾ ರಾಯರ ಬಾನೆಟ್ ಏರಿ ಕೂತ. ಅವನ ಜೀನ್ಸಿನ ಹಿಂದೆ ನಾಲ್ಕು ಹಿತ್ತಾಳೆ ಗುಂಡಿ.

ಅವನನ್ನು ಇಳಿಸಿ ನೋಡಿದರೆ ಸಣ್ಣಗೆ ಮೂರು ಗೀರು. ಆಕಾಶದಲ್ಲಿ ಮೋಡ, ಬಿಸಿಲಿನ ಸುಳಿವಿಲ್ಲ. ರಾಯರು ಮನೆಗೆ ಓಡಿ, ಒಲೆಯ ಮೇಲೆ ಪುರೋಹಿತರ ಕಾಫಿಗೆಂದು ಕಾಯುತ್ತಿದ್ದ ನೀರನ್ನು ಪಾತ್ರೆ ಸಮೇತ ತಂದು ಬಾನೆಟ್ ಮೇಲೆ ಹುಯ್ದರು. ಹಬೆ ಎದ್ದಿತು. ರಾಯರು ಓರೆಯಾಗಿ ಬಗ್ಗಿದರು. ಒಂದು ಗೀರು ಹೋಯಿತು, ಎರಡನೆಯದು ಹೋಯಿತು, ಮೂರನೆಯದೂ ಕಣ್ಣೆದುರೇ ಕರಗಿತು. "ನೋಡಿದ್ರಾ! ನೋಡಿದ್ರಾ!" ಎಂದು ರಾಯರು ಕುಣಿದಾಡಿದರು.

ದಕ್ಷಿಣೆಯ ತಟ್ಟೆ ಹಿಡಿದು ನಿಂತಿದ್ದ ಪುರೋಹಿತರು ಬಾನೆಟ್ಟನ್ನು ಇನ್ನೊಮ್ಮೆ ನಿಟ್ಟಿಸಿ ನೋಡಿದರು.

"ನೋಡಿದೆ ರಾಯರೇ. ನಾನು ಬರೆದ ಸ್ವಸ್ತಿಕವೂ ವಾಸಿಯಾಯಿತು."