ಮಗನ ಹೆಲಿಕಾಪ್ಟರ್

ಚಿಕ್ಕಪೇಟೆಯ ಆಟಿಕೆ ಅಂಗಡಿ. ಗಿರಾಕಿಯ ಕಣ್ಣೆಲ್ಲ ಮೇಲಿನ ಕಪಾಟಿನಲ್ಲಿ.

"ಮಗನಿಗೆ ರಿಮೋಟ್ ಹೆಲಿಕಾಪ್ಟರ್ ಬೇಕಿತ್ತು."

"ಎಷ್ಟು ವಯಸ್ಸು ಸಾರ್?"

"8 ತಿಂಗಳು."

"(ನಗು ನುಂಗಿ) ಹಾಗಾದ್ರೆ ಇದೇ ಸರಿ. ಒಂದರ ಮೇಲೊಂದು ಎರಡು ಫ್ಯಾನು, ಒಂದಕ್ಕೊಂದು ಉಲ್ಟಾ ತಿರುಗುತ್ತವೆ. ಒಳಗೆ ಗೈರೋ. ಬುಗುರಿ ಥರ ಗಿರಕಿ ಹೊಡೆಯಲ್ಲ."

"ಒಂದೇ ಫ್ಯಾನಿಂದು? ಅಸಲಿ ಥರಾನೇ ಇದೆ!"

"ಅದು ಕೈ ಪಳಗಿದವರಿಗೆ. ನಿಮಗೆ... ಅಂದ್ರೆ ಮಗೂಗೆ, ಕಷ್ಟ."

"ಟೆರೇಸ್ ಮೇಲೆ ಹಾರಿಸಬಹುದಾ?"

"ಇನ್‌ಫ್ರಾರೆಡ್ ರಿಮೋಟು ಸಾರ್, ಬಿಸಿಲಲ್ಲಿ ಮಾತು ಕೇಳಲ್ಲ. ಹಾಲ್‌ನಲ್ಲೇ ಹಾರಿಸಿ, ಫ್ಯಾನ್ ಆಫ್ ಮಾಡ್ಕೊಂಡು."

"ಎಷ್ಟು ಹೊತ್ತು?"

"6-7 ನಿಮಿಷ. ಆಮೇಲೆ ಮುಕ್ಕಾಲು ಗಂಟೆ ಚಾರ್ಜು."

"ನಮ್ಮಾಫೀಸಲ್ಲೂ ಹಾಗೇ ಬಿಡಿ."

"ಸ್ಪೇರ್ ಬ್ಲೇಡ್ ಎರಡು ಜೊತೆ ಹಾಕ್ಲಾ? ಮನೇಲಿ ಶೋಕೇಸ್ ಇದೆ ತಾನೆ?"

ಅಷ್ಟರಲ್ಲಿ ಫೋನು: "ರೀ, ಡೈಪರ್ ಸಿಕ್ತಾ?"